ಚಾರ್ಜರ್ ಇದೆ, ಚಾಲನೆಯಲ್ಲಿದೆಯೇ?

ವಿದ್ಯುತ್‌ಚಾಲಿತ ವಾಹನಗಳಿಗೆಂದೇ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ರೂಪಿಸಿದ ರಾಜ್ಯ ಕರ್ನಾಟಕ. ಅದು 2017ರ ಮಾತು. 2024ರ ಹೊತ್ತಿಗೆ ರಾಜ್ಯದ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆ ಐದು ಸಾವಿರವನ್ನು ದಾಟಿ, ಆ ಲೆಕ್ಕದಲ್ಲಿಯೂ ನಾವೇ ಮೊದಲಿಗರಾದೆವು. ಅವುಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಲ್ಲಿಯೇ ಇದ್ದವೆಂಬುದನ್ನು ಸಮಾರಂಭಗಳ ಭಾಷಣಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ಈ ಅಸಮ ಹಂಚಿಕೆ ಚಿಂತೆಯ ವಿಷಯವೇ. ಆದರೆ ನನ್ನ ಮುಖ್ಯ ಆಕ್ಷೇಪ ಇರುವುದು ಎಣಿಸುವ ಕ್ರಮದ ಬಗ್ಗೆ.

ಆಡಳಿತ ಸೇವೆಯಲ್ಲಿ ಮೂರು ದಶಕ ಕಳೆದ ನನಗೆ ಪ್ರಗತಿ ಪರಿಶೀಲನಾ ಸಭೆಗಳ ಭಾಷೆ ಚೆನ್ನಾಗಿ ಗೊತ್ತು. ನೆಟ್ಟ ಕಂಬ, ಎಳೆದ ತಂತಿ, ಕೂರಿಸಿದ ಟ್ರಾನ್ಸ್‌ಫಾರ್ಮರ್ ಇವಕ್ಕೆಲ್ಲ ನಮೂನೆಯಲ್ಲಿ ಒಂದೊಂದು ಕಾಲಂ ಇರುತ್ತಿತ್ತು. ರಾತ್ರಿ ಎಷ್ಟು ಗಂಟೆ ದೀಪ ಉರಿಯಿತು ಎಂಬುದಕ್ಕೆ ಇರುತ್ತಿರಲಿಲ್ಲ. ಕೇಂದ್ರ ಸರ್ಕಾರದ 2004ರ ವ್ಯಾಖ್ಯೆಯ ಪ್ರಕಾರ, ಶಾಲೆ, ಪಂಚಾಯಿತಿ ಕಚೇರಿಯಂತಹ ಸ್ಥಳಗಳ ಜೊತೆಗೆ ನೂರಕ್ಕೆ ಹತ್ತು ಮನೆಗಳಿಗೆ ಸಂಪರ್ಕ ದೊರೆತರೆ ಸಾಕು, ಗ್ರಾಮ ವಿದ್ಯುದೀಕರಣಗೊಂಡಂತೆ. ದೇಶದ ಎಲ್ಲ ಗ್ರಾಮಗಳಿಗೂ ವಿದ್ಯುತ್ ತಲುಪಿತೆಂದು 2018ರ ಏಪ್ರಿಲ್‌ನಲ್ಲಿ ಘೋಷಿಸಿದ್ದು ಈ ಅಳತೆಗೋಲಿನಿಂದಲೇ. ಉಳಿದ ಮನೆಗಳ ಕತ್ತಲೆಯನ್ನು ನೀಗಲು ‘ಸೌಭಾಗ್ಯ’ ಎಂಬ ಮತ್ತೊಂದು ಯೋಜನೆ ಬೇಕಾಯಿತು. ಚಾರ್ಜಿಂಗ್ ಕೇಂದ್ರಗಳ ವಿಷಯದಲ್ಲಿ ನಾವು ಅದೇ ಹಳೆಯ ನಮೂನೆಯನ್ನು ಮತ್ತೆ ತುಂಬುತ್ತಿದ್ದೇವೆ.

ಸಾರ್ವಜನಿಕ ಚಾರ್ಜರ್ ಯಾರಿಗೆ ಬೇಕು ಎಂಬ ಪ್ರಶ್ನೆಯಿಂದಲೇ ಹೊರಡುವುದು ಒಳ್ಳೆಯದು. 2001ರಲ್ಲಿ ಬೆಂಗಳೂರಿನ ರೇವಾ ಕಾರು ರಸ್ತೆಗಿಳಿದಾಗ ಅದನ್ನು ಕೊಂಡವರು ಮನೆಯ ಪ್ಲಗ್‌ಗೆ ಸಿಕ್ಕಿಸಿ ಮಲಗುತ್ತಿದ್ದರು. ಸ್ವಂತ ಗ್ಯಾರೇಜು ಇರುವ ಕಾರಿನ ಮಾಲೀಕನ ಸ್ಥಿತಿ ಇಂದಿಗೂ ಹೆಚ್ಚುಕಡಿಮೆ ಅದೇ. ಅವನಿಗೆ ಹೊರಗಿನ ಚಾರ್ಜರ್ ಬೇಕಾಗುವುದು ಊರಿಗೆ ಹೊರಟಾಗ ಮಾತ್ರ. ಲಗೇಜ್ ಆಟೊ ಓಡಿಸುವವನಿಗೆ, ಟ್ಯಾಕ್ಸಿ ಚಾಲಕನಿಗೆ ಗ್ಯಾರೇಜೂ ಇಲ್ಲ, ಬಾಡಿಗೆ ಮನೆಯಲ್ಲಿ ಪ್ರತ್ಯೇಕ ಮೀಟರ್ ಹಾಕಿಸುವ ಸ್ವಾತಂತ್ರ್ಯವೂ ಇಲ್ಲ. ಬೀದಿಬದಿಯ ಚಾರ್ಜರ್ ಅವನ ದಿನದ ಅಗತ್ಯ. ಅದು ಕೆಟ್ಟು ನಿಂತಿದ್ದರೆ, ಅಥವಾ ಅದರ ಮುಂದೆ ಯಾರೋ ಕಾರು ನಿಲ್ಲಿಸಿ ಹೋಗಿದ್ದರೆ, ಮುಂದಿನ ಕೇಂದ್ರಕ್ಕೆ ಅಲೆಯುವ ಒಂದು ಗಂಟೆಯಲ್ಲಿ ಒಂದು ಬಾಡಿಗೆ ಕೈತಪ್ಪುತ್ತದೆ. ಸಾಲದ ಕಂತಿಗೆ ಈ ಕಾರಣ ಕೇಳಿಸುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ವಾಣಿಜ್ಯ ವಾಹನದ ಮಟ್ಟಿಗೆ ಯೂನಿಟ್ಟಿನ ದರಕ್ಕಿಂತ ಕಾಯುವ ಹೊತ್ತಿನ ಬೆಲೆ ದೊಡ್ಡದು. ನಮ್ಮ ಯಾವ ಅಂಕಿಅಂಶದಲ್ಲಿಯೂ ಆ ಬೆಲೆ ಕಾಣಿಸಿಕೊಳ್ಳುವುದಿಲ್ಲ.

ಇದರ ಮೇಲೆ ತೆರಿಗೆಯ ವಿಚಿತ್ರವೊಂದಿದೆ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಅರ್ಜಿಯ ಮೇಲೆ ರಾಜ್ಯದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರವು 2023ರಲ್ಲಿ, ಚಾರ್ಜಿಂಗ್ ಎಂಬುದು ವಿದ್ಯುತ್ ಮಾರಾಟವಾಗದೆ ಸೇವೆಯಾಗುತ್ತದೆಂದೂ ಅದಕ್ಕೆ ಶೇ 18ರ ತೆರಿಗೆ ಸಲ್ಲುತ್ತದೆಂದೂ ಹೇಳಿತು. ಅದನ್ನು ಸೇವೆಯೆಂದು ಕರೆದದ್ದಕ್ಕೆ ಸಕಾರಣವಿದೆ. 2018ರಲ್ಲಿ ಕೇಂದ್ರ ಇಂಧನ ಸಚಿವಾಲಯವು ಹಾಗೆ ಸ್ಪಷ್ಟಪಡಿಸಿದ್ದರಿಂದಲೇ ಲೈಸೆನ್ಸಿನ ಹಂಗಿಲ್ಲದೆ ಯಾರು ಬೇಕಾದರೂ ಕೇಂದ್ರ ತೆರೆಯುವಂತಾಯಿತು. ಆದರೆ ಫಲಿತಾಂಶವನ್ನು ನೋಡಿ: ಗ್ಯಾರೇಜಿರುವವನು ಮನೆಯಲ್ಲಿ ತುಂಬಿಕೊಳ್ಳುವ ವಿದ್ಯುತ್ತಿಗೆ ಜಿಎಸ್‌ಟಿಯೇ ಇಲ್ಲ, ಗ್ಯಾರೇಜಿಲ್ಲದವನು ಬೀದಿಯಲ್ಲಿ ತುಂಬಿಕೊಂಡರೆ ಶೇ 18. ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕ ಗಟ್ಟಿಯಾಗಿ ಎತ್ತಬೇಕಾದ ವಿಷಯವಿದು.

ಇನ್ನು ಭಾರಿ ವಾಹನಗಳ ಪ್ರಶ್ನೆ. ಕೇಂದ್ರದ ‘ಪಿಎಂ ಇ-ಡ್ರೈವ್’ ಯೋಜನೆ 2024ರಲ್ಲಿ ₹10,900 ಕೋಟಿ ಗಾತ್ರದೊಂದಿಗೆ ಬಂದಾಗ ಚಾರ್ಜಿಂಗ್ ಜಾಲಕ್ಕೆ ₹2,000 ಕೋಟಿ, ವಿದ್ಯುತ್‌ಚಾಲಿತ ಟ್ರಕ್‌ಗಳಿಗೆ ₹500 ಕೋಟಿ ತೆಗೆದಿರಿಸಿತು. ಹಣಕ್ಕಿಂತ ಕಠಿಣವಾದುದು ತಂತಿಯ ಲೆಕ್ಕ. ದೊಡ್ಡ ಟ್ರಕ್ಕಿನ ಬ್ಯಾಟರಿಗೆ ಇನ್ನೂರೈವತ್ತು ಯೂನಿಟ್ ತುಂಬಲು 240 ಕಿಲೊವಾಟ್‌ನ ಚಾರ್ಜರ್‌ಗೂ ಒಂದು ಗಂಟೆಗೆ ಮೇಲ್ಪಟ್ಟು ಹಿಡಿಯುತ್ತದೆ. ಅಂತಹ ಒಂದು ಚಾರ್ಜರಿನ ಹೊರೆ ಐದು ಅಶ್ವಶಕ್ತಿಯ ಸುಮಾರು ಅರವತ್ತನಾಲ್ಕು ನೀರಾವರಿ ಪಂಪ್‌ಸೆಟ್‌ಗಳಿಗೆ ಸಮ. ಒಂದೇ ಕಡೆ ಹತ್ತು ಚಾರ್ಜರ್ ಹಾಕಿದರೆ 2.4 ಮೆಗಾವಾಟ್. ಹಳ್ಳಿಯ ಫೀಡರಿನಿಂದ ಒಂದು ಎಳೆ ತೆಗೆದು ಇದನ್ನು ನಡೆಸುತ್ತೇವೆಂದರೆ ಮೊದಲು ನರಳುವವನು ಅಲ್ಲಿನ ರೈತ. ಆದುದರಿಂದ ಹೆದ್ದಾರಿಯ ಯಾವ ಸ್ಥಳದಲ್ಲಿ ಟ್ರಕ್ಕುಗಳು ನಿಲ್ಲಬೇಕೆಂಬುದನ್ನು ವಿದ್ಯುತ್ ಪ್ರಸರಣ ನಿಗಮ ಹಾಗೂ ಎಸ್ಕಾಂಗಳು ಉಪಕೇಂದ್ರಗಳ ನಕ್ಷೆಯನ್ನು ಮುಂದಿಟ್ಟುಕೊಂಡು ನಿರ್ಧರಿಸಬೇಕು. ಜಾಗ ಸಿಕ್ಕ ಕಡೆ ಚಾರ್ಜರ್ ಹಾಕಿ, ಆಮೇಲೆ ವಿದ್ಯುತ್ತಿಗೆ ಅರ್ಜಿ ಕೊಡುವ ಪದ್ಧತಿ ಇಲ್ಲಿ ನಡೆಯದು.

ನಮಗೊಂದು ಅನುಕೂಲವೂ ಇದೆ. ದಟ್ಟಣೆಯ ವೇಳೆಯಲ್ಲಿ ಬೆಂಗಳೂರಿನೊಳಗೆ ಭಾರಿ ಸರಕು ವಾಹನಗಳಿಗೆ ಪ್ರವೇಶ ನಿರ್ಬಂಧವಿದೆ. ನೆಲಮಂಗಲದ ಆಸುಪಾಸಿನಲ್ಲಿ ಲಾರಿಗಳು ಸಮಯಕ್ಕಾಗಿ ಸಾಲುಗಟ್ಟಿ ಕಾಯುವುದನ್ನು ತುಮಕೂರು ರಸ್ತೆಯಲ್ಲಿ ಓಡಾಡುವವರೆಲ್ಲ ಕಂಡಿದ್ದಾರೆ. ಹೇಗೂ ವ್ಯರ್ಥವಾಗುವ ಆ ಹೊತ್ತು ಚಾರ್ಜಿಂಗ್‌ಗೆ ಹೇಳಿ ಮಾಡಿಸಿದ್ದು. ಅದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನವಿದೆ. ಬಿಸಿಲಿನ ವೇಳೆಯಲ್ಲಿ ಅಗ್ಗವಾಗಿಯೂ ಉಳಿದ ವೇಳೆಯಲ್ಲಿ ದುಬಾರಿಯಾಗಿಯೂ ಚಾರ್ಜಿಂಗ್ ಶುಲ್ಕವಿರಬೇಕೆಂದು ಕೇಂದ್ರದ 2024ರ ಮಾರ್ಗಸೂಚಿಯೇ ಹೇಳುತ್ತದೆ. ಮಧ್ಯಾಹ್ನ ಊಟಕ್ಕೆ ನಿಂತ ಚಾಲಕನಿಗೆ ಈ ರಿಯಾಯಿತಿ ದಕ್ಕುವಂತಾದರೆ ಡೀಸೆಲ್‌ನೊಡನೆ ಹೋಲಿಸಿ ನೋಡುವ ಮಾಲೀಕನ ಮನಸ್ಸು ಬದಲಾದೀತು.

ಇದೇ ಮಾರ್ಗಸೂಚಿಯು ನಗರಗಳಲ್ಲಿ 2030ರೊಳಗೆ ಒಂದು ಚದರ ಕಿಲೊಮೀಟರಿಗೊಂದು, ಹೆದ್ದಾರಿಗಳಲ್ಲಿ ಇಪ್ಪತ್ತು ಕಿಲೊಮೀಟರಿಗೊಂದು ಕೇಂದ್ರ ಇರಬೇಕೆನ್ನುತ್ತದೆ. ಗುರಿ ಒಳ್ಳೆಯದೇ. ಆದರೆ ಇದೂ ಎಣಿಕೆಯ ಗುರಿ. ಅಮೆರಿಕದಲ್ಲಿ 2023ರಲ್ಲಿ, ಸರ್ಕಾರದ ಹಣ ಪಡೆದ ಚಾರ್ಜರ್ ವರ್ಷದಲ್ಲಿ ಶೇ 97ರಷ್ಟು ಕಾಲ ಸುಸ್ಥಿತಿಯಲ್ಲಿರಬೇಕೆಂಬ ನಿಯಮ ಮಾಡಲಾಯಿತು. ಅಂದರೆ ಇಡೀ ವರ್ಷದಲ್ಲಿ ಕೆಟ್ಟು ನಿಲ್ಲಲು ಸಿಗುವುದು ಹನ್ನೊಂದು ದಿನ. ನಮ್ಮಲ್ಲಿಯೂ ಸಹಾಯಧನದ ಮೂರನೆಯ ಒಂದು ಭಾಗವನ್ನಾದರೂ ತಡೆಹಿಡಿದು, ಮೊದಲ ಮೂರು ವರ್ಷ ಚಾರ್ಜರ್ ನಡೆದ ಗಂಟೆಗಳನ್ನು ನೋಡಿ ಬಿಡುಗಡೆ ಮಾಡುವುದು ಅಸಾಧ್ಯವೇನಲ್ಲ. ಹಣಕಾಸು ಇಲಾಖೆ ಇದಕ್ಕಿಂತ ತೊಡಕಿನ ಷರತ್ತುಗಳನ್ನು ಎಷ್ಟೋ ಕಡತಗಳಲ್ಲಿ ಬರೆದಿದೆ.

ಹಣ ಪಾವತಿಯ ಗೋಜಲನ್ನು ಬಿಡಿಸುವುದು ಇನ್ನೂ ಸುಲಭ. ಎಳನೀರು ಮಾರುವವರು ಕೂಡ ಯುಪಿಐ ಫಲಕ ಇಟ್ಟಿರುವ ದೇಶದಲ್ಲಿ ಎಷ್ಟೋ ಚಾರ್ಜರ್‌ಗಳು ಮೊದಲು ಆ್ಯಪ್ ಇಳಿಸಿಕೊಳ್ಳಿ, ಹೆಸರು ನೋಂದಾಯಿಸಿ, ಮುಂಗಡ ತುಂಬಿ ಎನ್ನುತ್ತವೆ. ನಾಲ್ಕು ಆ್ಯಪ್‌ಗಳಲ್ಲಿ ನೂರಿನ್ನೂರು ರೂಪಾಯಿ ಸಿಕ್ಕಿಹಾಕಿಕೊಳ್ಳುವುದು ದಿನದ ದುಡಿಮೆಯವನಿಗೆ ಸಣ್ಣ ಮೊತ್ತವೇನಲ್ಲ. ಯುರೋಪ್ ಒಕ್ಕೂಟವು 2024ರ ಏಪ್ರಿಲ್‌ನಿಂದ ಹೊಸ ವೇಗದ ಚಾರ್ಜರ್‌ಗಳಲ್ಲಿ ನೋಂದಣಿಯಿಲ್ಲದೆ ಕಾರ್ಡಿನ ಮೂಲಕ ಪಾವತಿಸುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ಈ ರಾಜ್ಯದಲ್ಲಿ ಚಾರ್ಜಿಂಗ್ ವಿಷಯದ ಹೊಣೆ ಬೆಸ್ಕಾಂನದು. ಹೊಸ ಸಂಪರ್ಕ ಕೊಡುವಾಗಲೇ ಯುಪಿಐ ಕಡ್ಡಾಯವೆಂಬ ಷರತ್ತು ಹಾಕಿ, ಪ್ರತಿ ಕೇಂದ್ರವೂ ಕಳೆದ ತಿಂಗಳು ಎಷ್ಟು ಗಂಟೆ ಸುಸ್ಥಿತಿಯಲ್ಲಿತ್ತು, ಎಷ್ಟು ಯೂನಿಟ್ ಕೊಟ್ಟಿತು ಎಂಬ ಪಟ್ಟಿಯನ್ನು ತಿಂಗಳ ಐದನೆಯ ತಾರೀಖಿನೊಳಗೆ ಸಾರ್ವಜನಿಕರ ಮುಂದಿಡಲು ಹೊಸ ಕಾಯ್ದೆಯೇನೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು.