ಆರೋಗ್ಯ ಭಾಗ್ಯ: ಮೂಳೆಯೊಳಗಿನ ಒರತೆ ಬತ್ತಿದಾಗ



ಮಗು ಬಿಳಿಚಿಕೊಂಡಿದೆ, ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಡುತ್ತದೆ ಎಂದರೆ ನಾವು ಮೊದಲು ನೆನೆಯುವುದು ಕಬ್ಬಿಣಾಂಶದ ಕೊರತೆ ಅಥವಾ ಹೊಟ್ಟೆಹುಳ. ಬಹಳ ಸಲ ಅದು ಸರಿಯೇ. ಆದರೆ ಟಾನಿಕ್ ಕುಡಿಸಿದರೂ ರಕ್ತ ಏರದೆ, ಮೈಮೇಲೆ ನೀಲಿಗಟ್ಟಿದ ಗುರುತು, ವಸಡಿನಲ್ಲಿ ರಕ್ತ, ಪದೇ ಪದೇ ಜ್ವರ ಕಾಣಿಸಿದರೆ ತೊಂದರೆ ರಕ್ತ ಹುಟ್ಟುವ ಮೂಳೆಮಜ್ಜೆಯಲ್ಲಿಯೇ ಇರಬಹುದು. ವಂಶವಾಹಿಯಿಂದ ಬರುವ ಇಂಥ ರೋಗಗಳಲ್ಲಿ ಒಂದು ಫ್ಯಾಂಕೋನಿ ರಕ್ತಹೀನತೆ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೀಡೊ ಫ್ಯಾಂಕೋನಿ 1927ರಲ್ಲಿ ಒಂದೇ ಮನೆಯ ಮೂವರು ಅಣ್ಣತಮ್ಮಂದಿರಲ್ಲಿ ಇದನ್ನು ಕಂಡು ವಿವರಿಸಿದರು.

ಒಲೆ ಉರಿದಾಗ ಕಿಡಿ ಹಾರುವುದು ಸಹಜ. ಹಾಗೆಯೇ ನಮ್ಮ ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ಪಡೆಯುವಾಗ ಕೆಲವು ಉಗ್ರ ಕಣಗಳು ಹುಟ್ಟುತ್ತವೆ. ಅವು ಡಿಎನ್ಎ ಎಳೆಗಳನ್ನು ಘಾಸಿಗೊಳಿಸುತ್ತವೆ. ದೇವರು ಕೊಟ್ಟ ಈ ದೇಹದಲ್ಲಿ ಅದನ್ನು ರಿಪೇರಿ ಮಾಡುವ ವ್ಯವಸ್ಥೆಯೂ ಇದೆ. ಫ್ಯಾಂಕೋನಿ ರೋಗದಲ್ಲಿ ಆ ರಿಪೇರಿಯ ಒಂದು ಮುಖ್ಯ ಭಾಗವೇ ಕೆಟ್ಟಿರುತ್ತದೆ. ಜೊತೆಗೆ ಕಿಡಿಗಳೂ ಹೆಚ್ಚು. ಸರಿಪಡಿಸಲಾಗದಷ್ಟು ಹಾನಿಯಾದಾಗ ಜೀವಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಹೀಗೆ ಮಜ್ಜೆಯ ಮೂಲಕೋಶಗಳು ಒಂದೊಂದಾಗಿ ಸತ್ತು, ಒರತೆ ಬತ್ತಿದ ಬಾವಿಯಂತೆ ಮಜ್ಜೆ ಬರಿದಾಗುತ್ತದೆ. ಕೆಲವು ಮಕ್ಕಳಲ್ಲಿ ಗಿಡ್ಡ ಬೆಳವಣಿಗೆ, ಹೆಬ್ಬೆರಳಿನ ದೋಷ, ಚರ್ಮದ ಮೇಲೆ ಕಂದು ಮಚ್ಚೆ ಇರುತ್ತವೆ. ಕೆಲವರಲ್ಲಿ ಯಾವ ಗುರುತೂ ಇರುವುದಿಲ್ಲ.

ಇಂಥ ಮನೆಗಳಲ್ಲಿ ರೋಗಕ್ಕಿಂತ ಹೆಚ್ಚು ನೋಯಿಸುವುದು ಜನರ ಮಾತು. "ಯಾರ ಪಾಪ? ತಾಯಿಯ ಕಡೆಯದೋ?" ಎಂದು ಕೇಳುವವರಿದ್ದಾರೆ. ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಇದನ್ನೇ ಕೇಳಿದರು. ಅವನದೂ ಅಲ್ಲ, ಹೆತ್ತವರದೂ ಅಲ್ಲ ಎಂದು ಪ್ರಭು ಯೇಸು ಸ್ಪಷ್ಟವಾಗಿ ಉತ್ತರಿಸಿದರು. ವಿಜ್ಞಾನವೂ ದೂಷಣೆಗೆ ಎಡೆ ಕೊಡುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ತಂದೆಯಿಂದ ಒಂದು, ತಾಯಿಯಿಂದ ಒಂದು ದೋಷವುಳ್ಳ ವಂಶವಾಹಿ ಸೇರಿದರೆ ಮಾತ್ರ ರೋಗ ಬರುತ್ತದೆ. ಇಬ್ಬರೂ ಆರೋಗ್ಯವಂತರೇ ಆಗಿದ್ದು, ತಮಗೆ ತಿಳಿಯದೆಯೇ ಅದನ್ನು ಹೊತ್ತಿರುತ್ತಾರೆ. ಅಂಥ ದಂಪತಿಗಳ ಪ್ರತಿ ಬಸಿರಿನಲ್ಲೂ ರೋಗದ ಸಾಧ್ಯತೆ ನಾಲ್ಕರಲ್ಲಿ ಒಂದು.

ರಕ್ತಸಂಬಂಧದಲ್ಲಿ ಮದುವೆಯಾದಾಗ ಒಂದೇ ದೋಷ ಎರಡೂ ಕಡೆಯಿಂದ ಕೂಡುವ ಸಂಭವ ಹೆಚ್ಚು. ಅತ್ತೆಯ ಮಗ, ಮಾವನ ಮಗಳು ಎಂಬ ನಂಟನ್ನು ಉಳಿಸಿಕೊಳ್ಳುವ ಆಸೆ ನಮ್ಮಲ್ಲಿ ಹಳೆಯದು. ಆದರೆ 1983ರ ಧರ್ಮಸಭೆಯ ಕಾನೂನು ವಿಶೇಷ ಅನುಮತಿ ಇಲ್ಲದ ಇಂಥ ಮದುವೆಯನ್ನು ಮಾನ್ಯ ಮಾಡುವುದಿಲ್ಲ. ಮದುವೆಗೆ ಮುನ್ನ ಗುರುಗಳು ಸಂಬಂಧ ವಿಚಾರಿಸಿದಾಗ ಮುಚ್ಚಿಡಬೇಡಿ.

ಚಿಕಿತ್ಸೆ ಇದೆಯೇ? ಇದೆ. ಹೊಂದಿಕೆಯಾಗುವ ದಾನಿಯ ಮೂಲಕೋಶಗಳನ್ನು ಕಸಿ ಮಾಡಿದರೆ ಮಜ್ಜೆ ಮತ್ತೆ ರಕ್ತ ತಯಾರಿಸಬಲ್ಲದು. ಜಗತ್ತಿನ ಮೊಟ್ಟಮೊದಲ ಹೊಕ್ಕುಳಬಳ್ಳಿ ರಕ್ತದ ಕಸಿ 1988ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದದ್ದು ಈ ರೋಗದ ಐದು ವರ್ಷದ ಬಾಲಕನಿಗೇ. ಕೊಟ್ಟವಳು ಆಗತಾನೇ ಹುಟ್ಟಿದ ತಂಗಿ. ಬಿಸಾಡುವ ಹೊಕ್ಕುಳಬಳ್ಳಿಯ ರಕ್ತ ಅಣ್ಣನಿಗೆ ಜೀವವಾಯಿತು. ನಮಗೆ ಹತ್ತಿರದ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆ 1986ರಲ್ಲಿಯೇ ಮಜ್ಜೆ ಕಸಿ ಆರಂಭಿಸಿತು.

ಕೆಲವು ಎಚ್ಚರಿಕೆಗಳು: ಒಂದು ಮಗುವಿಗೆ ರೋಗ ಖಚಿತವಾದರೆ ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಬೇಕು, ದಾನಿಯಾಗುವ ಮೊದಲಂತೂ ಕಡ್ಡಾಯ. ಕಬ್ಬಿಣದ ಟಾನಿಕ್ಕನ್ನು ನಾವಾಗಿಯೇ ಕೊಡಬಾರದು. ಪದೇ ಪದೇ ರಕ್ತ ಪಡೆಯುವವರ ಮೈಯಲ್ಲಿ ಕಬ್ಬಿಣ ತುಂಬಿ ಕಿಡಿಗಳನ್ನು ಹೆಚ್ಚಿಸುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರಿನ ಭಯ ಈ ರೋಗಿಗಳಿಗೆ ಹೆಚ್ಚಾದ್ದರಿಂದ ಹೊಗೆಸೊಪ್ಪು, ಮದ್ಯ ಎರಡೂ ಬೇಡ.

ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರೂ ಪೂರ್ಣ ಹೊಂದಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದೇ. ಉಳಿದವರು ಹೊರಗಿನ ದಾನಿಗಾಗಿ ಕಾಯಬೇಕು. 2000ನೇ ಇಸವಿಯಲ್ಲಿ ವಿಶ್ವಗುರು ಎರಡನೇ ಜಾನ್ ಪೌಲರು ಅಂಗದಾನವನ್ನು ನಿಜವಾದ ಪ್ರೀತಿಯ ಕಾರ್ಯವೆಂದರು. ನಮ್ಮ ಧರ್ಮಕೇಂದ್ರದ ಯುವಕ ಯುವತಿಯರು ಮೂಲಕೋಶ ದಾನಿಗಳಾಗಿ ಹೆಸರು ನೋಂದಾಯಿಸಲಿ. ಅದಕ್ಕೆ ಕೆನ್ನೆಯ ಒಳಭಾಗದಿಂದ ಹತ್ತಿಯಲ್ಲಿ ತೆಗೆದ ಮಾದರಿ ಸಾಕು. ಉಳಿದ ನಾವು ರಕ್ತ ಕೊಡೋಣ, ಆ ತಾಯಿಯ ಪಕ್ಕದಲ್ಲಿ ಕುಳಿತು ಪ್ರಾರ್ಥಿಸೋಣ.