ಬಾಗಿಲವರೆಗಿನ ದಾನ ಸಾಲದು

ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ವಿದ್ಯಾರ್ಥಿಗಳನ್ನು ಅಭಿನಂದಿಸುವ ಸಮಾರಂಭಗಳು ಮೊದಲಾಗುತ್ತವೆ. ಹೆಚ್ಚು ಅಂಕ ಗಳಿಸಿದವರಿಗೆ ಸ್ಮರಣಿಕೆ, ಬಡ ಮಕ್ಕಳಿಗೆ ಶುಲ್ಕಕ್ಕೆಂದು ಧನಸಹಾಯ, ಕೊನೆಗೊಂದು ಭಾವಚಿತ್ರ. ಈ ಪದ್ಧತಿ ಒಳ್ಳೆಯದೇ. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಅದೇ ಧರ್ಮಕೇಂದ್ರದ ಕಣ್ಣು ಕಾಣದ ಯುವತಿಯೊಬ್ಬಳು, ಗಾಲಿಕುರ್ಚಿಯನ್ನು ಅವಲಂಬಿಸಿದ ಯುವಕನೊಬ್ಬ ಪದವಿ ತರಗತಿಗೆ ಸೇರಿದಾಗ ಈ ಒಂದು ದಿನದ ನೆರವು ಅವರನ್ನು ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದನ್ನು ನಾವು ಆಲೋಚಿಸಬೇಕಾಗಿದೆ.

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಮಿಕ್ಕಿ ವಿಕಲಚೇತನರಿದ್ದರು. ಅವರ ಹಕ್ಕುಗಳಿಗಾಗಿ 1995ರಲ್ಲಿ ಕಾಯ್ದೆಯೊಂದು ಬಂದಿತು. 2016ರಲ್ಲಿ ಅದರ ಸ್ಥಾನದಲ್ಲಿ ಇನ್ನಷ್ಟು ವಿಸ್ತಾರವಾದ ಕಾಯ್ದೆ ರೂಪುಗೊಂಡಿತು. ವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಏರಿತು. ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಶೇಕಡಾ 5ರಷ್ಟು ಸ್ಥಾನಗಳನ್ನು ಕಾದಿರಿಸಬೇಕೆಂದು ವಿಧಿಸಲಾಯಿತು. ಹೀಗೆ ಕಾನೂನು ಕಾಲೇಜಿನ ಬಾಗಿಲನ್ನು ತೆರೆದಿದೆ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಹೋದಂತಾಗುವುದಿಲ್ಲ.

ಪ್ರವೇಶ ದೊರೆತ ಬಳಿಕ ತಲೆದೋರುವ ವೆಚ್ಚಗಳು ಯಾವ ಶುಲ್ಕದ ರಸೀದಿಯಲ್ಲೂ ಕಾಣಿಸುವುದಿಲ್ಲ. ಬಸ್ಸಿನ ಮೆಟ್ಟಿಲು ಏರಲಾಗದವನು ದಿನವೂ ಆಟೋ ರಿಕ್ಷಾ ಹಿಡಿಯಬೇಕು. ಜೊತೆಗೆ ಹೋಗುವ ತಾಯಿ ಅಥವಾ ತಮ್ಮ ತನ್ನ ಅಂದಿನ ಕೂಲಿಯನ್ನು ಬಿಡಬೇಕು. ಶ್ರವಣ ಸಾಧನದ ಬ್ಯಾಟರಿ ಪದೇ ಪದೇ ಮುಗಿಯುತ್ತದೆ. ಗಾಲಿಕುರ್ಚಿಯ ಟಯರು ಸವೆಯುತ್ತದೆ. ಕಾಲೇಜಿನ ಸಮೀಪ, ಅದೂ ನೆಲ ಅಂತಸ್ತಿನಲ್ಲಿ ಕೊಠಡಿ ಬೇಕೆಂದರೆ ಬಾಡಿಗೆಯೂ ಹೆಚ್ಚು. ಕಣ್ಣು ಕಾಣದವರಿಗೆ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ; ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು 2006ರಲ್ಲಿ ಆರಂಭಿಸಿದ ಕಾರ್ಯವದು. ತಂತ್ರಾಂಶ ಉಚಿತ, ಆದರೆ ಅದು ನಡೆಯುವ ಗಣಕಯಂತ್ರ ಉಚಿತವಲ್ಲ. ಸರಕಾರದ ವಿದ್ಯಾರ್ಥಿವೇತನಗಳು ಇಲ್ಲದಿಲ್ಲ. ಆದರೆ ಬಾಡಿಗೆಯ ದಿನ ಮಂಜೂರಾತಿಗಾಗಿ ಕಾಯುವುದಿಲ್ಲ. ಇಂತಹ ಸಣ್ಣ ಸಣ್ಣ ಹೊರೆಗಳು ಕೂಡಿ, ಬುದ್ಧಿಗೆ ಯಾವ ಕೊರತೆಯೂ ಇಲ್ಲದವರನ್ನು ನಡುದಾರಿಯಲ್ಲಿ ಮನೆಗೆ ಹಿಂತಿರುಗಿಸಿಬಿಡುತ್ತವೆ.

ಪ್ರೇಷಿತರ ಕಾರ್ಯಕಲಾಪಗಳ ಮೂರನೆಯ ಅಧ್ಯಾಯವನ್ನು ನಾವೆಲ್ಲರೂ ಕೇಳಿದ್ದೇವೆ. ಹುಟ್ಟು ಕುಂಟನೊಬ್ಬನನ್ನು ಯಾರೋ ದಿನವೂ ಹೊತ್ತು ತಂದು ದೇವಾಲಯದ 'ಸುಂದರ ದ್ವಾರ'ದ ಬಳಿ ಕೂರಿಸುತ್ತಿದ್ದರು. ಅವರು ದಯಾಳುಗಳೇ ಇರಬೇಕು. ಆದರೆ ಅವರ ದಯೆ ಅವನನ್ನು ಬಾಗಿಲವರೆಗೆ ಮಾತ್ರ ತಂದಿತು, ಒಳಗೆ ಕರೆದೊಯ್ಯಲಿಲ್ಲ. ಪೇತ್ರ ಯೊವಾನ್ನರ ಬಳಿ ಬೆಳ್ಳಿ ಬಂಗಾರವಿರಲಿಲ್ಲ. ಆದರೂ ಅವನು ಅವರೊಡನೆ ದೇವಾಲಯವನ್ನು ಪ್ರವೇಶಿಸಿದನು. ಇನ್ನೊಂದೆಡೆ, ಮಾರ್ಕನ ಶುಭಸಂದೇಶದಲ್ಲಿ, ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರು ಜನಸಂದಣಿಯನ್ನು ಕಂಡು ಹಿಂದೆ ಸರಿಯಲಿಲ್ಲ; ಮಾಳಿಗೆಯನ್ನೇ ತೆರೆದು ಅವನನ್ನು ಪ್ರಭುವಿನ ಮುಂದೆ ಇಳಿಸಿದರು. ಪವಾಡ ನಮ್ಮ ಕೈಯಲ್ಲಿಲ್ಲ. ಆದರೆ ಬಾಗಿಲಲ್ಲಿ ಬಿಟ್ಟು ಬರುವುದೋ, ಒಳಗಿನವರೆಗೂ ಹೊರುವುದೋ ಎಂಬ ಆಯ್ಕೆ ನಮ್ಮದೇ.

ಇದು ಸರಕಾರದ ಮತ್ತು ಕಾಲೇಜುಗಳ ಕರ್ತವ್ಯವಲ್ಲವೇ, ದಾನದ ಮಾತೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಹಕ್ಕಾಗಿ ಸಲ್ಲಬೇಕಾದುದನ್ನು ಭಿಕ್ಷೆಯಾಗಿ ಕೊಡುವುದು ಧರ್ಮವಲ್ಲ. ನಮ್ಮದೇ ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಇಳಿಜಾರು ದಾರಿ, ಬಳಸಬಲ್ಲ ಶೌಚಾಲಯ, ನೆಲ ಅಂತಸ್ತಿನ ತರಗತಿ ಇವೆಯೇ ಎಂದು ಪಾಲಕರಾದ ನಾವು ಕೇಳಲೇಬೇಕು. ಆದರೆ ನ್ಯಾಯ ಬರುವ ತನಕ ಈ ವರ್ಷದ ವಿದ್ಯಾರ್ಥಿ ಕಾದು ಕೂರಲಾರ. ಅವನ ಯೌವನಕ್ಕೆ ಗಡುವಿದೆ.

ಆದುದರಿಂದ ನಮ್ಮ ಸಲಹೆ ಸರಳವಾದುದು. ಪ್ರತಿಯೊಂದು ಧರ್ಮಕೇಂದ್ರವೂ ಹತ್ತು ಮಂದಿಗೆ ಒಂದು ದಿನದ ನೆರವು ನೀಡುವುದರ ಜೊತೆಗೆ, ಒಬ್ಬ ವಿಕಲಚೇತನ ವಿದ್ಯಾರ್ಥಿಯ ಪೂರ್ಣ ಪದವಿಯ ಹೊಣೆಯನ್ನು ಹೊರಲಿ. ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ. ಅದು ಪ್ರತಿ ತಿಂಗಳೂ ತಪ್ಪದೆ ತಲುಪಬೇಕು. ಮೂವತ್ತು ಕುಟುಂಬಗಳು ತಿಂಗಳಿಗೆ ನೂರು ರೂಪಾಯಿಯಂತೆ ಕೊಟ್ಟರೆ ಮೂರು ಸಾವಿರವಾಗುತ್ತದೆ. ಮದುವೆ, ಪ್ರಥಮ ಪರಮಪ್ರಸಾದಗಳ ಔತಣದಲ್ಲಿ ಒಂದು ಬಗೆಯ ಖಾದ್ಯವನ್ನು ಕಡಿಮೆ ಮಾಡಿದರೆ ಯಾರ ಮರ್ಯಾದೆಗೂ ಕುಂದಿಲ್ಲ. ನೆರವು ಪಡೆಯುವವರು ನಮ್ಮ ಸಭೆಯವರೇ ಆಗಿರಬೇಕೆಂದೂ ಇಲ್ಲ. ದಾರಿಯಲ್ಲಿ ಬಿದ್ದವನ ಕುಲವನ್ನು ಸಮಾರಿಯದವನು ವಿಚಾರಿಸಲಿಲ್ಲ.

ಹಣವಿಲ್ಲದವರೂ ಇಲ್ಲಿ ದಾನಿಗಳಾಗಬಲ್ಲರು. ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಲಿಪಿಕಾರರು ಬೇಕು. ಪಠ್ಯಗಳನ್ನು ಓದಿ ಧ್ವನಿಮುದ್ರಿಸುವವರು ಬೇಕು. ವಿಕಲಚೇತನರ ಉಪಯೋಗಕ್ಕಾಗಿ ಪುಸ್ತಕಗಳನ್ನು ಹೀಗೆ ಪರಿವರ್ತಿಸಲು 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯೇ ಅವಕಾಶವಿತ್ತಿದೆ. ಪ್ರಮಾಣಪತ್ರ, ವಿದ್ಯಾರ್ಥಿವೇತನಗಳ ಅರ್ಜಿ ತುಂಬಲು ನಿವೃತ್ತ ಶಿಕ್ಷಕರು, ಗುಮಾಸ್ತರು ನೆರವಾಗಬಹುದು. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಕಾರ್ಯನಿರತವಾಗಿರುವ ಸಂತ ವಿನ್ಸೆಂಟ್ ದೆ ಪೌಲ್ ಸಂಘವನ್ನು 1833ರಲ್ಲಿ ಪ್ಯಾರಿಸಿನಲ್ಲಿ ಆರಂಭಿಸಿದವರಲ್ಲಿ ಪ್ರಮುಖರಾದ ಫ್ರೆಡೆರಿಕ್ ಒಜಾನಾಂ ಆಗ ಇಪ್ಪತ್ತು ವರ್ಷದ ವಿಶ್ವವಿದ್ಯಾನಿಲಯ ವಿದ್ಯಾರ್ಥಿ. 1997ರಲ್ಲಿ ಪೂಜ್ಯ ಪದವಿಗೇರಿದ ಈ ಮಹನೀಯರು ನೆರವನ್ನು ದೂರದಿಂದ ಕಳುಹಿಸಲಿಲ್ಲ. ಬಡವರ ಮನೆಗೆ ತಾವೇ ಕೊಂಡೊಯ್ದರು. ನಮ್ಮ ಯುವಜನರಿಗೆ ಇದಕ್ಕಿಂತ ಹತ್ತಿರದ ಮಾದರಿ ಬೇಕೇ?

ಕೊನೆಯದಾಗಿ ಒಂದು ಮಾತು. ನೆರವು ಪಡೆದವರನ್ನು ವೇದಿಕೆಗೆ ಕರೆಯುವುದು ಬೇಡ, ಅವರ ಭಾವಚಿತ್ರವನ್ನು ಪತ್ರಿಕೆಗೆ ಕಳುಹಿಸುವುದೂ ಬೇಡ. ಎಡಗೈಗೆ ತಿಳಿಯದಂತೆ ಕೊಡಬೇಕೆಂದು ಪ್ರಭು ಕಲಿಸಿದ್ದು ದಾನಿಯ ವಿನಯಕ್ಕಾಗಿ ಮಾತ್ರವಲ್ಲ, ಪಡೆಯುವವನ ಮಾನಕ್ಕಾಗಿ ಕೂಡ ಎಂದು ನಾವು ನಂಬುತ್ತೇವೆ. ಏನು ಬೇಕೆಂದು ಮೊದಲು ಅವರನ್ನೇ ಕೇಳೋಣ. ಗಾಲಿಕುರ್ಚಿ ಇರುವವನಿಗೆ ಇನ್ನೊಂದು ಗಾಲಿಕುರ್ಚಿ ಕೊಟ್ಟು ಸಂತೋಷಪಡುವುದು ಬೇಡ.

ಈ ಭಾನುವಾರದ ಬಲಿಪೂಜೆಯ ಬಳಿಕ ಪ್ರತಿ ಧರ್ಮಕೇಂದ್ರದ ಪಾಲನಾ ಪರಿಷತ್ತು ಒಂದೇ ಒಂದು ಪ್ರಶ್ನೆಯನ್ನು ತನಗೆ ಹಾಕಿಕೊಳ್ಳಲಿ: ನಮ್ಮ ನಡುವೆ ಓದನ್ನು ನಿಲ್ಲಿಸಿ ಮನೆಯಲ್ಲಿ ಕುಳಿತಿರುವ ವಿಕಲಚೇತನ ಯುವಕ ಯುವತಿಯರು ಎಷ್ಟು ಮಂದಿ? ಆ ಹೆಸರುಗಳನ್ನು ತಿಳಿದುಕೊಂಡರೆ, ಮುಂದಿನ ದಾರಿ ತಾನಾಗಿಯೇ ಕಾಣುವುದು.