ಕನಸೆಂಬ ನೆಪ

ಕಥೆಯನ್ನು ಮುಗಿಸುವುದು ಬೇರೆ, ಕಥೆಯನ್ನು ಅಳಿಸುವುದು ಬೇರೆ. ಈ ಭೇದವನ್ನು ಮರೆತರೆ ಒಂದು ಉತ್ತಮ ಕೃತಿಗೆ ಎಂತಹ ಅನ್ಯಾಯವಾಗುವುದೆಂಬುದಕ್ಕೆ ಅಮೆರಿಕಾ ದೇಶದ ‘ಸೇಂಟ್ ಎಲ್ಸ್‌ವೇರ್’ ಎಂಬ ದೂರದರ್ಶನ ನಾಟಕಮಾಲೆಯ ಆರನೆಯ, ಎಂದರೆ ಕಡೆಯ, ವರ್ಷದ ಕಂತುಗಳು ನಿದರ್ಶನವಾಗಿವೆ. ಅದರ ಮುಕ್ತಾಯವನ್ನು ಪ್ರತಿಭೆಯ ಪರಮಾವಧಿಯೆಂದು ಕೊಂಡಾಡುವವರು ಇಂದಿಗೂ ಉಂಟು. ಆ ಪ್ರಶಂಸೆಯು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ.

1982ರ ಅಕ್ಟೋಬರಿನಿಂದ 1988ರ ಮೇ ತಿಂಗಳವರೆಗೆ ಎನ್‌ಬಿಸಿ ಸಂಸ್ಥೆಯು ಈ ಮಾಲೆಯ 137 ಕಂತುಗಳನ್ನು ಪ್ರಸಾರಮಾಡಿತು. ಬಾಸ್ಟನ್ ನಗರದ ಸೇಂಟ್ ಎಲಿಜಿಯಸ್ ಎಂಬ ಕಲ್ಪಿತ ಆಸ್ಪತ್ರೆಯೇ ಇದರ ರಂಗಸ್ಥಳ. ಬೇರೆಲ್ಲಿಯೂ ಸಲ್ಲದವರು ಬಂದು ಸೇರುವ ತಾಣವೆಂಬುದು ಅದರ ಅಡ್ಡಹೆಸರಿನ ಇಂಗಿತ. 1961ರಲ್ಲಿ ಮೊದಲಾದ ‘ಡಾಕ್ಟರ್ ಕಿಲ್ಡೇರ್’, ‘ಬೆನ್ ಕೇಸಿ’ ನಾಟಕಗಳಲ್ಲಿ ವೈದ್ಯನು ಬಹುಮಟ್ಟಿಗೆ ಧೀರೋದಾತ್ತ ನಾಯಕ. ಇಲ್ಲಿಯಾದರೋ ವೈದ್ಯರು ದಣಿಯುವರು, ತಪ್ಪುವರು, ರೋಗಿಗಳು ಸಾಯುವರು. ಏಡ್ಸ್ ರೋಗದ ಹೆಸರೆತ್ತಲು ಜನರು ಅಂಜುತ್ತಿದ್ದ 1983ರ ಡಿಸೆಂಬರಿನಲ್ಲಿಯೇ ಆ ರೋಗಪೀಡಿತನೊಬ್ಬನ ಕಥೆಯನ್ನು ಇದು ಮನೆಮನೆಗೆ ತಂದಿತು. ಯಕೃತ್ತಿನ ಕ್ಯಾನ್ಸರಿನಿಂದ ನರಳುತ್ತಲೇ ಕರ್ತವ್ಯವನ್ನು ಬಿಡದ ವೃದ್ಧ ವೈದ್ಯ ಆಶ್ಲ್ಯಾಂಡರ್, ಹೆಂಡತಿಯನ್ನು ಕಳೆದುಕೊಂಡು ಸ್ವಲೀನತೆಯುಳ್ಳ ಮಗ ಟಾಮಿಯನ್ನು ಸಾಕುವ ವೈದ್ಯ ವೆಸ್ಟ್‌ಫಾಲ್, ಇವರೆಲ್ಲರೂ ಪ್ರೇಕ್ಷಕರಿಗೆ ನೆಂಟರಂತಾದರು.

ಕಡೆಯ ವರ್ಷದಲ್ಲಿ ಕಥೆಯು ಇನ್ನೂ ಗಹನವಾದ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡಿತು. ಕೆಡವಲು ತೊಡಗಿದ್ದ ಆಸ್ಪತ್ರೆಯನ್ನು ‘ಎಕ್ಯುಮೆನಾ’ ಎಂಬ ಕಲ್ಪಿತ ಕಂಪೆನಿಯು ಕೊಂಡುಕೊಳ್ಳುತ್ತದೆ. ಲಾಭಕ್ಕಾಗಿ ಆಸ್ಪತ್ರೆಗಳನ್ನು ನಡೆಸುವುದೇ ಅದರ ವ್ಯಾಪಾರ. ಹೊಸ ಅಧಿಕಾರಿ ಗಿಡಿಯನ್ನನ ರೀತಿನೀತಿಗಳನ್ನು ಸಹಿಸಲಾರದೆ ವೆಸ್ಟ್‌ಫಾಲ್, ಸಭ್ಯತೆಯ ಎಲ್ಲೆಯನ್ನೂ ಮೀರಿ ಅವನಿಗೆ ತನ್ನ ತಿರಸ್ಕಾರವನ್ನು ತೋರಿಸಿ, ಕೆಲಸವನ್ನು ಬಿಟ್ಟು ಹೊರಡುತ್ತಾನೆ. ದಿಕ್ಕಿಲ್ಲದವನ ಹಾಸಿಗೆಗೆ ಬೆಲೆ ಕಟ್ಟತಕ್ಕವನು ವೈದ್ಯನೋ, ಲೆಕ್ಕಿಗನೋ? ಪ್ರಶ್ನೆಯು ಇದು. ಉತ್ತರವನ್ನು ಎದುರುನೋಡುವುದು ಪ್ರೇಕ್ಷಕರ ಹಕ್ಕಾಗಿದ್ದಿತು.

ಅವರಿಗೆ ದೊರೆತುದೇನು? 1988ರ ಮೇ 25ರಂದು ಬಂದ ಕೊನೆಯ ಕಂತಿನಲ್ಲಿ ಆಶ್ಲ್ಯಾಂಡರ್ ತೀರಿಕೊಳ್ಳುತ್ತಾನೆ. ಹೊರಗೆ ಹಿಮ ಸುರಿಯುತ್ತದೆ. ಇಲ್ಲಿಗೆ ತೆರೆ ಬಿದ್ದಿದ್ದರೆ ಸಾಕಾಗಿತ್ತು. ಆದರೆ ದೃಶ್ಯವು ಥಟ್ಟನೆ ಬದಲಾಗುತ್ತದೆ. ಒಂದು ಸಾಮಾನ್ಯವಾದ ಮನೆ. ಸತ್ತ ಆಶ್ಲ್ಯಾಂಡರ್ ಅಲ್ಲಿ ಬದುಕಿರುವ ಅಜ್ಜ. ವೆಸ್ಟ್‌ಫಾಲ್ ವೈದ್ಯನಲ್ಲ, ಕಟ್ಟಡದ ಕೆಲಸದಿಂದ ಹಿಂದಿರುಗಿದ ಕೂಲಿಗಾರ. ಟಾಮಿಯ ಕೈಯಲ್ಲಿ, ಅಲುಗಿಸಿದರೆ ಒಳಗೆ ಹಿಮ ಸುರಿಯುವ ಗಾಜಿನ ಗೋಳ. ಅದರೊಳಗೆ ಸೇಂಟ್ ಎಲಿಜಿಯಸ್ಸಿನ ಪ್ರತಿಮೆ! ಆರು ವರ್ಷಗಳ ಹುಟ್ಟುಸಾವುಗಳೆಲ್ಲವೂ ಆ ಬಾಲಕನ ಹಗಲುಗನಸೆಂದು ಸೂಚನೆ. ಇದೂ ಸಾಲದೆಂಬಂತೆ, ನಿರ್ಮಾಪಕ ಸಂಸ್ಥೆಯ ಲಾಂಛನವಾದ ಬೆಕ್ಕಿನ ಮರಿಯೂ ಕಡೆಯಲ್ಲಿ ಆಸ್ಪತ್ರೆಯ ಯಂತ್ರಗಳ ನಡುವೆ ಪ್ರಾಣ ಬಿಡುತ್ತದೆ.

ನಾಟಕವೆಲ್ಲವೂ ಕಲ್ಪನೆಯೇ ಅಲ್ಲವೆ, ಅದನ್ನು ಕನಸೆಂದರೆ ನಷ್ಟವೇನೆಂದು ಕೆಲವರು ಕೇಳುವರು. ಈ ವಾದವು ಮೇಲುನೋಟಕ್ಕೆ ಮಾತ್ರ ಚೆನ್ನ. ನಾಟಕವು ಕಲ್ಪನೆಯೆಂಬುದನ್ನು ಅರಿಯದ ಪ್ರೇಕ್ಷಕನಿಲ್ಲ. ಅರಿತೂ ಅವನು ಕಣ್ಣೀರಿಡುವನು. ಆ ಕಣ್ಣೀರು ಕಲ್ಪನೆಯಲ್ಲ. ಅದನ್ನು ಪಡೆದುಕೊಂಡ ಬಳಿಕ ‘ಅತ್ತವನು ನೀನು ಮರುಳ’ ಎಂದು ನಗುವುದು ಕೊಟ್ಟ ಸಾಲವನ್ನು ಇಲ್ಲವೆನ್ನುವುದಕ್ಕೆ ಸಮಾನ. ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂದು ಆನಂದವರ್ಧನನು ಕಂಡುದು ಇದನ್ನೇ.

ಭಾಸನದೆಂದು ಪ್ರಸಿದ್ಧವಾದ ‘ಸ್ವಪ್ನವಾಸವದತ್ತ’ದಲ್ಲಿಯೂ ಕನಸುಂಟು. ನಿದ್ರೆಯಲ್ಲಿದ್ದ ಉದಯನನ ಜಾರಿದ ಕೈಯನ್ನು ವಾಸವದತ್ತೆಯು ಮೆಲ್ಲನೆ ಹಾಸಿಗೆಯ ಮೇಲಿರಿಸಿ ಹೊರಟುಹೋಗುವಳು. ಅದು ಕನಸೆಂದು ವಿದೂಷಕನು ಹೇಳಿದರೂ ಪ್ರೇಕ್ಷಕನಿಗೆ ಗೊತ್ತು, ಅವಳು ಬಂದುದು ನಿಜ. ಅಲ್ಲಿ ಕನಸೆಂದುಕೊಂಡುದು ಸತ್ಯವಾಗಿ ಉಳಿಯಿತು. ಇಲ್ಲಿ ಸತ್ಯವೆಂದು ನಂಬಿಸಿದುದನ್ನು ಕನಸೆಂದು ತಳ್ಳಿಬಿಟ್ಟರು.

ಇನ್ನೊಂದು ಸಂಗತಿಯನ್ನೂ ಗಮನಿಸತಕ್ಕದ್ದು. ‘ಎಕ್ಯುಮೆನಾ’ ಎಂಬ ಹೆಸರು ತನ್ನ ಹೆಸರನ್ನು ಹೋಲುತ್ತದೆಂದು ಹ್ಯುಮಾನಾ ಎಂಬ ನಿಜವಾದ ಕಂಪೆನಿಯು 1987ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಮುಂದೆ ನಾಟಕದಲ್ಲಿ ಆ ಹೆಸರನ್ನು ‘ವೈಗರ್ಟ್’ ಎಂದು ಬದಲಾಯಿಸಿದರು. ಬಾಲಕನ ಕನಸಿನ ಮೇಲೆ ಯಾರಾದರೂ ದಾವಾ ಹೂಡುವರೆ? ಕಥೆಯು ನಿಜವಾದ ಗಾಯವನ್ನು ಮುಟ್ಟಿತ್ತೆಂಬುದು ಎದುರುಪಕ್ಷಕ್ಕೆ ತಿಳಿದಿದ್ದಿತು. ಕಥೆಗಾರರು ಮಾತ್ರ ಅದನ್ನು ಮರೆತರು.

ಎಲ್ಲಕ್ಕಿಂತ ಹೆಚ್ಚಿನ ಅನ್ಯಾಯವಾದುದು ಟಾಮಿಗೆ. ಅಂತಹ ಮಗುವಿರುವ ಮನೆಗಳ ಮೌನಸಂಕಟವನ್ನು ಈ ಮಾಲೆಯು ಮೊದಲು ಗೌರವದಿಂದ ಕಂಡಿತ್ತು. ಮಾತಿಲ್ಲದ ಬಾಲಕನೊಳಗೆ ಒಂದು ಲೋಕವೇ ಉಂಟೆಂದು ತೋರಿಸುವುದು ಒಳ್ಳೆಯ ಆಶಯವೇ. ಆದರೆ ಆ ಲೋಕವನ್ನು ಅರಿಯುವ ತಾಳ್ಮೆ ಆ ಕೊನೆಯ ದೃಶ್ಯದಲ್ಲಿಲ್ಲ. ಅವನು ಅಲ್ಲಿ ಮಗುವಾಗಿ ಉಳಿಯದೆ, ಕಥೆಯನ್ನು ಮುಚ್ಚಿಡುವ ಪೆಟ್ಟಿಗೆಯಾಗುತ್ತಾನೆ.

ಚಮತ್ಕಾರವು ಕಾವ್ಯಕ್ಕೆ ಭೂಷಣ. ಉತ್ತರ ಹೇಳಬೇಕಾದಲ್ಲಿ ತಪ್ಪಿಸಿಕೊಳ್ಳುವ ಹಾದಿಯಾದರೆ ಅದೇ ದೂಷಣ. ಆ ಗಾಜಿನ ಗೋಳವನ್ನು ವೆಸ್ಟ್‌ಫಾಲ್ ಕಡೆಗೆ ದೂರದರ್ಶನದ ಪೆಟ್ಟಿಗೆಯ ಮೇಲಿಡುತ್ತಾನೆ. ಹಾಸಿಗೆಯ ಬೆಲೆಯ ಪ್ರಶ್ನೆಯಾದರೋ ಅದರೊಳಗೆ ಅಡಗುವಂತಹದಲ್ಲ. ರೋಗಿಯೂ ಬಿಲ್ಲೂ ಇರುವ ಊರೂರಿನಲ್ಲಿ ಅದು ಇಂದಿಗೂ ಎಚ್ಚರವಾಗಿಯೇ ಇದೆ.